ನೆರವು (ಹಾವೇರಿ ಸೀಮೆಯಲ್ಲಿ)

ನೆರವು: ಒಬ್ಬರ ಕೆಲಸಕ್ಕೋ ಕಷ್ಟಕ್ಕೋ ಇನ್ನೊಬ್ಬರು ಒದಗಿಬರುವುದು. ಸಹಾಯ, ಉಪಕಾರ, ಮದತ್ತು, ಸಹಕಾರ, ಆಸರೆ ಇವು ನಿಘಂಟುಗಳಲ್ಲಿ ಇದರ ಪರ್ಯಾಯ ಪದಗಳು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಆಡುಮಾತಿನಲ್ಲಿ ಮಾತ್ರ ಒಂದರ ಜಾಗಕ್ಕೆ ಇನ್ನೊಂದು ಸಲ್ಲದು. ತೀರಿಸಬೇಕಾದ ನೆರವಿಗೆ ಒಂದು ಮಾತು, ತೀರಿಸಬೇಕಿಲ್ಲದ್ದಕ್ಕೆ ಮತ್ತೊಂದು.

ನೆರವು ಅಚ್ಚಗನ್ನಡ, ಕೂಡು, ಸೇರು ಎಂಬ ಅರ್ಥದ ‘ನೆರೆ’ಯ ಬಳಗದ್ದು. ಸಂಸ್ಕೃತದಲ್ಲಿ ‘ಸಹಾಯ’ ಎಂದರೆ ಮೊದಲಿಗೆ ಜೊತೆಗಾರ. ‘ಮದತ್ತು’ ಅರಬ್ಬಿ ಮೂಲದ್ದು, ಉರ್ದುವಿನ ಮೂಲಕ ಬಂದದ್ದು. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಸವಣೂರಿಗೆ ಅದೇನೂ ಹೊಸದಲ್ಲ.

ಹೊಲದ ಮಾತು ಮುಯ್ಯಾಳು. ಮಳೆ ಬಿದ್ದ ಮೇಲೆ ಹದ ಆರುವುದರೊಳಗೆ ಕೂರಿಗೆ ಹೂಡಬೇಕು, ಕಳೆ ಏಳುವ ಮೊದಲು ಎಡೆ ಹೊಡೆಯಬೇಕು; ಒಂದೇ ಮನೆಯ ಕೈಗಳಿಂದ ಆಗುವ ಕೆಲಸವಲ್ಲ. ಇಂದು ಇವರು ಅವರ ಹೊಲಕ್ಕೆ, ನಾಳೆ ಅವರು ಇವರ ಹೊಲಕ್ಕೆ. ಆಳಿಗೆ ಆಳು, ದಿನಕ್ಕೆ ದಿನ. ಬರೆದಿಡುವವರಿಲ್ಲ, ಲೆಕ್ಕ ತಪ್ಪುವುದೂ ಇಲ್ಲ: ಗಟ್ಟಿ ಆಳು ಬಂದು ದುಡಿದ ಮನೆಗೆ ಹುಡುಗನನ್ನು ಕಳಿಸಿದರೆ ಮಾತು ಬರುತ್ತದೆ. ‘ಮುಯ್ಯಿ’ಗೆ ಸೇಡು ಎಂಬ ಅರ್ಥವೂ ಇರುವುದು ಇದಕ್ಕೇ, ಒಳಿತಿರಲಿ ಕೆಡುಕಿರಲಿ, ಪಡೆದದ್ದನ್ನು ತೀರಿಸುವುದೇ ಮುಯ್ಯಿ. ಮುಯ್ಯಾಳನ್ನು ಬರೀ ಔದಾರ್ಯವೆಂದು ಹೊಗಳುವವರು ಇನ್ನೊಂದನ್ನೂ ಮರೆಯುತ್ತಾರೆ: ಹೊಲವೇ ಇಲ್ಲದವನಿಗೆ ಇದರಲ್ಲಿ ಪಾಲಿಲ್ಲ, ಅವನದು ಕೂಲಿ. ಟ್ರ್ಯಾಕ್ಟರ್ ಬಾಡಿಗೆಗೆ ಸಿಗತೊಡಗಿದ ಮೇಲೆ ಈ ಪದ್ಧತಿ ಸೊರಗಿದೆ. ಕಾಗದವಿಲ್ಲದ, ಬಡ್ಡಿಯಿಲ್ಲದ ‘ಕೈಗಡ’ ಇನ್ನೂ ನಡೆಯುತ್ತದೆ. ತಲೆಗೆ ಹೊರೆ ಏರಿಸುವಾಗ ‘ಸ್ವಲ್ಪ ಕೈ ಹಚ್ರಿ’ ಎಂದರೆ ಅದಕ್ಕೆ ಲೆಕ್ಕವೇ ಇಲ್ಲ.

‘ಸಹಕಾರ’ ಕಾಯ್ದೆಯೊಡನೆ ಬಂದ ಬಳಕೆ. 1904ರ ಕಾಯ್ದೆಯ ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿತು. ಆಗ ಅದೂ, ಸವಣೂರನ್ನು ಬಿಟ್ಟು ಈ ಸೀಮೆಯೂ ಧಾರವಾಡ ಜಿಲ್ಲೆಯೊಳಗಿದ್ದವು. ಊರವರ ಬಾಯಲ್ಲಿ ಅದು ‘ಸೊಸೈಟಿ’. ನೆರವಿನ ಲೆಕ್ಕ ಪುಸ್ತಕಕ್ಕೇರಿದ್ದು ಅಲ್ಲಿಂದ.

ಮಠಗಳ ಮಾತು ದಾಸೋಹ. ಕೊಟ್ಟವರಿಗೇ ತಿರುಗಿ ಕೊಡಬೇಕೆಂಬ ಕಟ್ಟು ಇದಕ್ಕಿಲ್ಲ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕನೊಬ್ಬನ ಸಂಗೀತ ಶಿಕ್ಷಣಕ್ಕೆ ಹಾನಗಲ್ಲ ಕುಮಾರ ಸ್ವಾಮಿಗಳು (1867–1930) ಆಸರೆಯಾದರು. ಆತನೇ ಪಂಚಾಕ್ಷರಿ ಗವಾಯಿ. ಅವರು ಪಡೆದದ್ದನ್ನು ಮುಂದಿನವರಿಗೆ ದಾಟಿಸಿದರು: ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಊಟ, ವಸತಿ, ಸಂಗೀತ ಮೂರೂ ದೊರೆತವು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು. ಆಶ್ರಮ ಇಂದಿಗೂ ಇದೆ.