ಅಳಿಸಿದ ಅಕ್ಷರಗಳನ್ನು ಓದಿದಾಕೆ

ಬರೆದದ್ದನ್ನು ಅಳಿಸಿ ಅದರ ಮೇಲೆಯೇ ಮತ್ತೆ ಬರೆಯುವುದು ಕಾಗದ ಅಗ್ಗವಾಗುವ ಮುನ್ನ ಎಷ್ಟೋ ಕಡೆ ಇದ್ದ ರೂಢಿ. ನಮ್ಮ ವರ್ತಕರು ಕಡತದ ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಲೆಕ್ಕ ಬರೆದು ಒರೆಸುತ್ತಿದ್ದರು. ಪಶ್ಚಿಮ ಏಷ್ಯಾದ ಕ್ರೈಸ್ತ ಸಂನ್ಯಾಸಿಗಳು ತೊಗಲಿನ ಹಾಳೆಗಳ ಹಳೆಯ ಬರಹವನ್ನು ಕೆರೆದು ಹೊಸದನ್ನು ಬರೆಯುತ್ತಿದ್ದರು. ಎಷ್ಟು ಕೆರೆದರೂ ಹಳೆಯ ಮಸಿಯ ಗುರುತು ಪೂರ್ತಿ ಹೋಗುತ್ತಿರಲಿಲ್ಲ. ಅಂಥ ಗುರುತನ್ನು ಓದಿ ಬೈಬಲಿನ ಅಧ್ಯಯನಕ್ಕೆ ಅಮೂಲ್ಯವಾದೊಂದು ಪಾಠವನ್ನು ದೊರಕಿಸಿಕೊಟ್ಟವಳು ಆಗ್ನೆಸ್ ಸ್ಮಿತ್ ಲೂಯಿಸ್.

ಆಗ್ನೆಸ್ ಮತ್ತು ಮಾರ್ಗರೆಟ್ 1843ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಅವಳಿ ಸೋದರಿಯರು. ಹೆತ್ತ ತಾಯಿ ಬೇಗ ತೀರಿಕೊಂಡಳು. ವಕೀಲನಾಗಿದ್ದ ತಂದೆ ಮಕ್ಕಳಿಗೊಂದು ಮಾತು ಕೊಟ್ಟಿದ್ದ: ಯಾವ ದೇಶದ ಭಾಷೆ ಕಲಿಯುವಿರೋ ಆ ದೇಶಕ್ಕೆ ಕರೆದೊಯ್ಯುತ್ತೇನೆ! ಅಂಥ ತಂದೆ ನಮ್ಮಲ್ಲಿ ಎಷ್ಟು ಜನಕ್ಕೆ ಸಿಕ್ಕಾನು? ಇಬ್ಬರೂ ತಡವಾಗಿ ಮದುವೆಯಾಗಿ, ಕೆಲವೇ ವರ್ಷಗಳಲ್ಲಿ ವಿಧವೆಯರಾದರು.

ಗಂಡ ಸತ್ತ ಮರುವರ್ಷ, 1892ರಲ್ಲಿ, ನಲವತ್ತೊಂಬತ್ತರ ಆಗ್ನೆಸ್ ಸೋದರಿಯ ಜೊತೆ ಒಂಟೆಗಳೊಡನೆ ಮರುಭೂಮಿ ದಾಟಿ ಸಿನಾಯ್ ಬೆಟ್ಟದ ಸೇಂಟ್ ಕ್ಯಾಥರೀನ್ ಮಠಕ್ಕೆ ಹೋದಳು. ಹೊರಡುವ ಮುನ್ನ ಸಿರಿಯಾಕ್ ಭಾಷೆಯನ್ನೂ ಛಾಯಾಗ್ರಹಣವನ್ನೂ ಕಲಿತಿದ್ದಳು. ಸಿರಿಯಾಕ್ ಎಂದರೆ ಏಸುವಿನ ಆಡುಮಾತಾದ ಅರಾಮಾಯಿಕ್‌ನ ಬಳಗದ್ದು. ಕೇರಳದ ಸಿರಿಯನ್ ಕ್ರೈಸ್ತರ ಪ್ರಾರ್ಥನೆಗಳಲ್ಲಿ ಇಂದಿಗೂ ಉಳಿದಿದೆ. ಮಠದ ಸಂನ್ಯಾಸಿಗಳೊಡನೆ ಸೋದರಿಯರು ಗ್ರೀಕ್ ಭಾಷೆಯಲ್ಲೇ ಮಾತಾಡಿ ವಿಶ್ವಾಸ ಗಳಿಸಿದರು. ಅಲ್ಲಿ ಕೈಗೆ ಬಂದ ಒಂದು ಕೊಳಕು ಹೊತ್ತಗೆಯ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಚಹಾದ ಕೆಟಲಿನ ಹಬೆ ಹಿಡಿದು ಬಿಡಿಸಿದರು. ಮೇಲಿನ ಬರಹ ಸಂತ ಸ್ತ್ರೀಯರ ಕಥೆಗಳು. ಅಡಿಯಲ್ಲಿ ಮಸುಕಾಗಿ ಕಂಡದ್ದು ನಾಲ್ಕು ಸುವಾರ್ತೆಗಳು! ಸುಮಾರು ನಾಲ್ಕನೆಯ ಶತಮಾನದ ಪ್ರತಿಯದು.

ಮಠದವರು ಬೆಣ್ಣೆಯ ತಟ್ಟೆಯಾಗಿ ಬಳಸುತ್ತಿದ್ದ ಹಾಳೆಯನ್ನು ಊಟದ ಹೊತ್ತಿನಲ್ಲಿ ಕಂಡಳಂತೆ ಎಂಬ ಕಥೆಯೊಂದು ಆಮೇಲೆ ಹಬ್ಬಿತು. ಬರಿಯ ಕಟ್ಟುಕಥೆ. ಹೆಂಗಸು ಏನೇ ಕಂಡುಹಿಡಿದರೂ ಅದಕ್ಕೆ ಅಡುಗೆಮನೆಯ ವಾಸನೆ ಹಚ್ಚದಿದ್ದರೆ ಜನಕ್ಕೆ ಸಮಾಧಾನವಿಲ್ಲ. 1893ರಲ್ಲಿ ಬೆನ್ಸ್ಲಿ, ಬರ್ಕಿಟ್, ರೆಂಡೆಲ್ ಹ್ಯಾರಿಸ್ ಎಂಬ ವಿದ್ವಾಂಸರೂ ಸೋದರಿಯರೂ ಮತ್ತೆ ಸಿನಾಯ್‌ಗೆ ಹೋದರು. 1894ರಲ್ಲಿ ಪಾಠ ಅಚ್ಚಾದಾಗ ಸಂಪಾದಕರೆಂದು ಮುಂದೆ ನಿಂತದ್ದು ಆ ಮೂವರ ಹೆಸರು. ಆಗ್ನೆಸಳಿಗೆ ದೊರೆತದ್ದು ಪೀಠಿಕೆಯ ಜಾಗ. ಆಕೆ ಮುನಿಸಿಕೊಂಡು ಕೂರಲಿಲ್ಲ. ಮರಳಿ ಹೋಗಿ, ಅವರಿಗೆ ಓದಲಾಗದೆ ಬಿಟ್ಟ ಸಾಲುಗಳನ್ನು ಓದಿ, 1896ರಲ್ಲಿ ಪ್ರಕಟಿಸಿದಳು. ಇಡೀ ಪಾಠದ ತನ್ನದೇ ಆವೃತ್ತಿಯನ್ನು 1910ರಲ್ಲಿ ತಂದಳು.

ಆ ಪ್ರತಿಯ ಬೆಲೆ ಏನೆಂದು ಕೇಳಬಹುದು. ಒಂದೇ ಉದಾಹರಣೆ: ಮಾರ್ಕನ ಸುವಾರ್ತೆಯ ಕೊನೆಯಲ್ಲಿ, ಮೂರು ಜನ ಹೆಂಗಸರು ಬರಿದಾದ ಸಮಾಧಿಯನ್ನು ಕಂಡು ಹೆದರಿ ಯಾರಿಗೂ ಏನೂ ಹೇಳದೆ ಓಡಿದರೆಂಬಲ್ಲಿಗೆ ಇದು ನಿಲ್ಲುತ್ತದೆ. ಮುಂದಿನ ಹನ್ನೆರಡು ವಾಕ್ಯಗಳು ಇದರಲ್ಲಿಲ್ಲ. ಅವು ಆಮೇಲೆ ಸೇರಿದವು ಎನ್ನುವವರಿಗೆ ಇದೊಂದು ಗಟ್ಟಿ ಸಾಕ್ಷಿ.

1896ರಲ್ಲೇ ಸೋದರಿಯರು ಕೊಂಡುತಂದ ಹೀಬ್ರೂ ಹಾಳೆಯೊಂದು ಸಾಲೊಮನ್ ಶೆಕ್ಟರ್ ಅವರನ್ನು ಕೈರೋದ ಜೆನೀಜಾ ಭಂಡಾರಕ್ಕೆ ಕರೆದೊಯ್ದಿತು. ಅದೇ ಒಂದು ದೊಡ್ಡ ಕಥೆ.

ಹಾಲೆ, ಸೇಂಟ್ ಆಂಡ್ರೂಸ್, ಹೈಡೆಲ್‌ಬರ್ಗ್, ಡಬ್ಲಿನ್ ವಿಶ್ವವಿದ್ಯಾಲಯಗಳು ಆಗ್ನೆಸಳಿಗೆ ಗೌರವ ಪದವಿ ಕೊಟ್ಟವು. ಆಕೆ ವಾಸವಿದ್ದ ಕೇಂಬ್ರಿಜ್ ಮಾತ್ರ ಹೆಂಗಸರಿಗೆ ಪೂರ್ಣ ಪದವಿ ಕೊಡತೊಡಗಿದ್ದು 1948ರಲ್ಲಿ. ಆಗ್ನೆಸ್ 1926ರಲ್ಲೇ ತೀರಿಕೊಂಡಿದ್ದಳು.

ಇನ್ನೊಂದು ಮಾತು. ವಿದ್ವಾಂಸರ ಕಣ್ಣೆಲ್ಲ ಅಡಿಯ ಬರಹದ ಮೇಲಿದ್ದರೂ, ಆಗ್ನೆಸ್ ಮೇಲಿನದನ್ನು ಕಡೆಗಣಿಸಲಿಲ್ಲ. ಗಂಡಸಿನ ವೇಷದಲ್ಲಿ ಮಠ ಸೇರಿದ ಯೂಜೀನಿಯಾ ಮುಂತಾದ ಆ ಸ್ತ್ರೀಯರ ಕಥೆಗಳನ್ನೂ ಇಂಗ್ಲಿಷಿಗೆ ತಂದು 1900ರಲ್ಲಿ ಅಚ್ಚು ಹಾಕಿಸಿದಳು.