ಭಾವನಾತ್ಮಕ ಬುದ್ಧಿಮತ್ತೆ (ಕ್ರೀಡೆಯಲ್ಲಿ)

ತನ್ನ ಮತ್ತು ಇತರರ ಭಾವನೆಗಳನ್ನು ಗುರುತಿಸಿ, ಅವನ್ನು ಆಟಕ್ಕೆ ಒದಗುವಂತೆ ನಿಭಾಯಿಸುವ ಸಾಮರ್ಥ್ಯ. ಪರಿಕಲ್ಪನೆಗೆ 1990ರಲ್ಲಿ ಶಾಸ್ತ್ರೀಯ ರೂಪ ಕೊಟ್ಟವರು ಅಮೆರಿಕದ ಮನೋವಿಜ್ಞಾನಿಗಳಾದ ಪೀಟರ್ ಸ್ಯಾಲೊವೆ ಮತ್ತು ಜಾನ್ ಮೇಯರ್. ಡೇನಿಯಲ್ ಗೋಲ್‌ಮನ್‌ರ 1995ರ ಪುಸ್ತಕ ಅದನ್ನು ಜನಪ್ರಿಯಗೊಳಿಸಿತು.

ಹೆಸರು ಹೊಸದಾದರೂ ಅನುಭವ ಹಳೆಯದು. ವಿಜಯಪುರ ಜಿಲ್ಲೆಯ ಸಾರವಾಡ, ಬಬಲೇಶ್ವರ ಸೀಮೆಯಲ್ಲಿ ಕುಸ್ತಿ ಕಂಡವರಿಗೆ ಇದು ಗೊತ್ತು. ಹಲಗೆ ಬಡಿತ ಏರುತ್ತಿರುವಾಗ ಅನುಭವಿ ಪೈಲ್ವಾನ ಎದುರಾಳಿಯ ಉಸಿರು ಮತ್ತು ಕೈಬಿಗಿಯಲ್ಲೇ ಅವನ ಅವಸರವನ್ನು ಅಳೆಯುತ್ತಾನೆ. ಸಿಟ್ಟಿನಿಂದ ಮುನ್ನುಗ್ಗಿದವನ ರಭಸವೇ ಅವನನ್ನು ಕೆಡವುವ ಪಟ್ಟಿಗೆ ಒದಗುತ್ತದೆ.

ಈ ಜಿಲ್ಲೆಯ ಅತ್ಯುತ್ತಮ ನಿದರ್ಶನ ವಿಜಯಪುರದ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ. 2014ರಲ್ಲಿ ಭಾರತ ಮಹಿಳಾ ಕ್ರಿಕೆಟ್ ತಂಡಕ್ಕೆ ಬಂದ ವರ್ಷವೇ ಅವರು ತಂದೆಯನ್ನು ಕಳೆದುಕೊಂಡರು. 2017ರ ವಿಶ್ವಕಪ್‌ನ ಮೊದಲ ಆರು ಪಂದ್ಯಗಳಲ್ಲಿ ಅವರಿಗೆ ಅವಕಾಶ ಸಿಗಲಿಲ್ಲ. ಹೊರಗೆ ಕುಳಿತ ಆಟಗಾರ್ತಿಯಲ್ಲಿ ಅಸಮಾಧಾನ ಹುಟ್ಟುವುದು ಸಹಜ. ಅದು ಕೈಗಿಳಿಯದಂತೆ ಕಾಯ್ದುಕೊಳ್ಳುವುದೇ ಕಷ್ಟದ ಕೆಲಸ. ಜುಲೈ 15ರಂದು ಡರ್ಬಿಯಲ್ಲಿ, ಗೆಲ್ಲಲೇಬೇಕಿದ್ದ ಪಂದ್ಯದಲ್ಲಿ, ಅವರು 15 ರನ್ನಿಗೆ 5 ವಿಕೆಟ್ ಪಡೆದರು. ನ್ಯೂಜಿಲೆಂಡ್ 79ಕ್ಕೆ ಕುಸಿಯಿತು.

ಒತ್ತಡದ ಇನ್ನೊಂದು ಮುಖ ಎಂಟೇ ದಿನಗಳಲ್ಲಿ ಕಾಣಿಸಿತು. ಲಾರ್ಡ್ಸ್ ಫೈನಲ್‌ನಲ್ಲಿ 3 ವಿಕೆಟ್‌ಗೆ 191 ರನ್ ಗಳಿಸಿದ್ದ ಭಾರತ 219ಕ್ಕೆ ಆಲೌಟಾಗಿ, ಇಂಗ್ಲೆಂಡ್‌ಗೆ 9 ರನ್‌ಗಳಿಂದ ಸೋತಿತು.