ಉಪ್ಪು ತೆಗೆದವರ ಗೋಕರ್ಣ

ಒಂದು ಊರಿನ ಚರಿತ್ರೆ ಯಾರ ಕೆಲಸಕ್ಕೆ ಬರುತ್ತದೆ ಎಂಬುದನ್ನು ದಲಿತ ವಿಮರ್ಶೆ ಮೊದಲು ಕೇಳಬೇಕು. ಉತ್ತರ ಕನ್ನಡ ಜಿಲ್ಲೆ, ಕುಮಟಾ ತಾಲೂಕಿನ ಗೋಕರ್ಣಕ್ಕೆ ಈಗ ಎರಡು ಚರಿತ್ರೆಗಳಿವೆ. ಒಂದು ಸ್ಥಳಪುರಾಣ: ರಾವಣ, ಆತ್ಮಲಿಂಗ, ವಟುವೇಷದ ಗಣಪತಿ. ಕಾಳಿದಾಸನ ರಘುವಂಶದಲ್ಲೂ ಈ ಕ್ಷೇತ್ರದ ಹೆಸರಿದೆ ಎಂದು ಅದಕ್ಕೆ ಪುರಾವೆ ಜೋಡಿಸುತ್ತಾರೆ. ಇನ್ನೊಂದು ಪ್ರವಾಸಿಗಳ ಚರಿತ್ರೆ: ಗೋವಾದ ಗದ್ದಲ ಸಾಕಾಗಿ ದಕ್ಷಿಣಕ್ಕೆ ಸರಿದ ಹಿಪ್ಪಿಗಳು, ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳು, 1998ರಲ್ಲಿ ಪೂರ್ತಿಯಾದ ಕೊಂಕಣ ರೈಲ್ವೆ, ಆಮೇಲೆ ರೆಸಾರ್ಟುಗಳು. ಮೇಲ್ನೋಟಕ್ಕೆ ಇವೆರಡೂ ಒಂದಕ್ಕೊಂದು ವೈರಿಗಳು. ಆದರೆ ಎರಡರಲ್ಲೂ ಗೋಕರ್ಣವೆಂದರೆ ಬಂದುಹೋಗುವವರು ಕಂಡ ಊರು. ಅಲ್ಲೇ ಇದ್ದು ದುಡಿದವರು ಎರಡರಲ್ಲೂ ಲೆಕ್ಕಕ್ಕಿಲ್ಲ.

ನಾನು ಕರಾವಳಿಯವನಲ್ಲ. ನನ್ನದು ಶಿಗ್ಗಾಂವ ತಾಲೂಕಿನ ತಡಸ. ಹುಬ್ಬಳ್ಳಿಯಿಂದ ಮುಂಡಗೋಡ, ಶಿರಸಿ ಹಾದು ಕುಮಟೆಗೆ ಇಳಿಯುವ ದಾರಿ ನಮ್ಮೂರ ಮೇಲೇ ಹೋಗುತ್ತದೆ. ನಮ್ಮ ಕೇರಿಯ ಹಿರಿಯರಿಗೆ ಗೋಕರ್ಣ ಅಂದ್ರ ಶಿವರಾತ್ರಿ ಜಾತ್ರಿ, ಸಮುದ್ರದ ಜಳಕ. ಆ ದಾರಿಗೆ ಇನ್ನೊಂದು ಹಳೆಯ ಕೆಲಸ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ವ್ಯಾಪಾರಸ್ಥರ ಬಾಯಲ್ಲಿ ನಮ್ಮ ಹತ್ತಿಗೇ 'ಕುಮಟಾ' ಅನ್ನುವ ಹೆಸರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅದಕ್ಕೆ ಎಲ್ಲಿಲ್ಲದ ಬೆಲೆ ಬಂತು. ಕೆಳಗಿನಿಂದ ಮೇಲಕ್ಕೆ ಬರುತ್ತಿದ್ದದ್ದು ಉಪ್ಪು. ಬಂಡಿಗಳಲ್ಲಿ, ಲಂಬಾಣಿಗರ ಹೇರೆತ್ತುಗಳ ಬೆನ್ನ ಮೇಲೆ ಅದು ಬಯಲುಸೀಮೆಗೆ ಹತ್ತುತ್ತಿತ್ತು. ಇಲ್ಲಿ ಹತ್ತಿ ಬಿಡಿಸಿದವರೂ ಅಲ್ಲಿ ಉಪ್ಪು ಎಳೆದವರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೂ ಇಬ್ಬರ ಬೆವರೂ ಒಂದೇ ದಾರಿಯಲ್ಲಿ ಸಾಗಿತ್ತು. ಗೋಕರ್ಣವನ್ನು ಗುಡಿಯ ಕಡೆಯಿಂದಲ್ಲ, ಈ ಉಪ್ಪಿನ ಕಡೆಯಿಂದ ನೋಡುವ ಹಕ್ಕು ನನಗೆ ಬಂದದ್ದು ಹೀಗೆ.

2

ಗೋಕರ್ಣದ ಮಗ್ಗುಲಲ್ಲೇ ಸಾಣಿಕಟ್ಟಾ ಇದೆ. ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಭರತದ ಹೊತ್ತಿಗೆ ಒಳಗೆ ಬಿಟ್ಟುಕೊಂಡು, ಮಡಿಯಿಂದ ಮಡಿಗೆ ಹಾಯಿಸಿ, ಬಿಸಿಲಿಗೆ ಇಂಗಿಸಿ, ಹಲಗೆಯಿಂದ ಎಳೆದು ರಾಶಿ ಹಾಕುತ್ತಾರೆ. ಮಳೆ ಬೀಳುವುದರೊಳಗೆ ಎಲ್ಲ ಮುಗಿಯಬೇಕು. ಅಂದರೆ ಬೇಸಿಗೆಯ ಕಡು ಬಿಸಿಲೇ ಕೆಲಸದ ಕಾಲ. ಪ್ರವಾಸಿ ನೆರಳು ಹುಡುಕುವ ಹೊತ್ತಿನಲ್ಲಿ ಕೂಲಿಯವರು ಉಪ್ಪುನೀರಿನಲ್ಲಿ ಬರಿಗಾಲಲ್ಲಿ ನಿಂತಿರುತ್ತಾರೆ.

ಉಪ್ಪು ತೆಗೆಯುವ ಜಾಗಕ್ಕೆ ಆಗರ ಎನ್ನುತ್ತೇವೆ. ಈ ಜಿಲ್ಲೆಯ ಆಗೇರ ಜಾತಿಯ ಹೆಸರು ಆ ಆಗರದಿಂದಲೇ ಬಂದದ್ದೆಂದು ಹೇಳುತ್ತಾರೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಆಗೇರರಿದ್ದಾರೆ, ಮುಕ್ರಿಗಳಿದ್ದಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಉಪ್ಪಿಗೆ ಮೈಲಿಗೆಯಿಲ್ಲ. ಅದು ಎಲ್ಲರ ಅಡುಗೆಮನೆಗೂ ಹೋಗುತ್ತದೆ. ಆದರೆ ಉಪ್ಪಿನ ಹೆಸರನ್ನೇ ಹೊತ್ತ ಜನ ಅಸ್ಪೃಶ್ಯರಾದರು. ಭಕ್ತರು ತಾವೇ ಲಿಂಗ ಮುಟ್ಟಬಹುದು ಎನ್ನುವುದು ಈ ಕ್ಷೇತ್ರದ ಹೆಮ್ಮೆ. ಹಾಗಿದ್ದರೆ ಈ ಜಿಲ್ಲೆಯೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ದಲಿತರನ್ನು ಗುಡಿಯೊಳಗೆ ಬಿಡಬೇಕೆಂದು ಹೇಳಲು 1947ರಲ್ಲಿ ಒಂದು ಕಾಯ್ದೆಯನ್ನೇ ಯಾಕೆ ಮಾಡಬೇಕಾಯ್ತು? ಸ್ಪರ್ಶದ ಮಾತಾಡುವ ಸ್ಥಳಪುರಾಣಕ್ಕೆ ಈ ಪ್ರಶ್ನೆ ಕೇಳಿಸುವುದಿಲ್ಲ. ಇತ್ತೀಚೆಗೆ ಮಹಾಬಲೇಶ್ವರ ದೇವಾಲಯದ ಆಡಳಿತಕ್ಕಾಗಿ ದೊಡ್ಡ ವ್ಯಾಜ್ಯ ನಡೆಯಿತು. 2008ರಲ್ಲಿ ಸರ್ಕಾರ ಅದನ್ನು ರಾಮಚಂದ್ರಾಪುರ ಮಠಕ್ಕೆ ಕೊಟ್ಟಿತು, 2018ರಲ್ಲಿ ಹೈಕೋರ್ಟು ಆ ಆದೇಶ ರದ್ದುಮಾಡಿತು, 2021ರಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣರ ನೇತೃತ್ವದ ಸಮಿತಿಗೆ ಒಪ್ಪಿಸಿತು. ಗುಡಿ ಯಾರದೆಂಬ ಪ್ರಶ್ನೆಗೆ ಇಷ್ಟೆಲ್ಲ ಆಯ್ತು. ದಂಡೆ ಯಾರದು?

3

ಕಾಲೇಜಿನಲ್ಲಿ 1930ರ ಪಾಠ ಮಾಡುವಾಗ ನಾನು ಮೂರು ತಾರೀಖುಗಳನ್ನು ಒಟ್ಟಿಗೆ ಬರೆಯುತ್ತೇನೆ. ಮಾರ್ಚ್ 2ರಂದು ನಾಸಿಕದ ಕಾಳಾರಾಮ ಗುಡಿಯ ಮುಂದೆ ಅಂಬೇಡ್ಕರರ ಸತ್ಯಾಗ್ರಹ. ಮಾರ್ಚ್ 12ರಂದು ದಂಡಿಯ ಕಡೆಗೆ ಗಾಂಧಿಯವರ ನಡಿಗೆ. ಏಪ್ರಿಲ್ 13ರಂದು ಗೋಕರ್ಣದ ಪಕ್ಕದ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಸತ್ಯಾಗ್ರಹ. ಅಂಕೋಲೆಯ ಹೋರಾಟದ ತ್ಯಾಗವನ್ನು ಕಡಿಮೆ ಮಾಡುವ ಇರಾದೆ ನನಗಿಲ್ಲ. ಕರ ಕಟ್ಟದೆ ಜಮೀನು ಕಳಕೊಂಡವರು ಆ ತಾಲೂಕಿನಲ್ಲಿದ್ದಾರೆ. ಆದರೆ ಒಂದು ದಿನ ಉಪ್ಪು ತೆಗೆದವರು ಪಠ್ಯಪುಸ್ತಕ ಸೇರಿದರು, ಜೀವಮಾನವಿಡೀ ಉಪ್ಪು ತೆಗೆದವರು ಸೇರಲಿಲ್ಲ. ಉಪ್ಪಿನ ಮೇಲಿನ ಕರ ರಾಷ್ಟ್ರದ ಪ್ರಶ್ನೆಯಾಯ್ತು. ಉಪ್ಪಿನ ಕೂಲಿ ಯಾರ ಪ್ರಶ್ನೆಯೂ ಆಗಲಿಲ್ಲ.

ಕೊಂಕಣದ ದಂಡೆಯನ್ನು ಅಂಬೇಡ್ಕರ್ ಜಮೀನಿನ ಪ್ರಶ್ನೆಯಾಗಿ ನೋಡಿದರು. 1937ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಖೋತಿ ಪದ್ಧತಿಯ ರದ್ದತಿಗೆ ಮಸೂದೆ ತಂದರು. ಉತ್ತರ ಕನ್ನಡದಲ್ಲಿ ಗೇಣಿದಾರರನ್ನು ಸಂಘಟಿಸಿದವರು ದಿನಕರ ದೇಸಾಯಿ. ಅದಕ್ಕಾಗಿ 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿದರು. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಬಂತು. ಗೇಣಿಯ ಹೊಲ ಎಷ್ಟೋ ಹಾಲಕ್ಕಿಗಳ ಕೈಗೆ ಬಂತು. ಆದರೆ ಕಾನೂನು ಕೇಳಿದ್ದು ಉಳುವವ ಯಾರೆಂದು. ಉಪ್ಪು ತೆಗೆಯುವುದು ಉಳುಮೆಯಲ್ಲ. ಆಗರದಲ್ಲೇ ಸವೆದ ಕೂಲಿಯವ ಒಡೆಯನಾಗಲಿಲ್ಲ. ಸಾಣಿಕಟ್ಟಾದ ಸಹಕಾರಿ ಸಂಘದ ಹೆಸರನ್ನೇ ನೋಡಿ: ನಾಗರಬೈಲ್ ಉಪ್ಪು ಮಾಲಕರ ಸಹಕಾರಿ ಸಂಘ.

4

ಇದೆಲ್ಲ ಹಳೇ ಕತೆ, ಈಗ ಯಾಕೆ ಅಂತ ಕೇಳಬಹುದು. 1991ರ ಕರಾವಳಿ ನಿಯಂತ್ರಣ ಅಧಿಸೂಚನೆ ಭರತದ ಗೆರೆಯಿಂದ 500 ಮೀಟರ್ ತನಕದ ನೆಲವನ್ನು ನಿಯಂತ್ರಣಕ್ಕೆ ತಂದಿತು. 2019ರ ಅಧಿಸೂಚನೆ ದಟ್ಟ ವಸತಿಯ ಹಳ್ಳಿಗಳಲ್ಲಿ ಕಟ್ಟಡ ಕೂಡದೆಂಬ ಪಟ್ಟಿಯನ್ನು 200 ಮೀಟರಿನಿಂದ 50ಕ್ಕೆ ಇಳಿಸಿತು. ದಂಡೆಯ ಮೇಲೆ ಪ್ರವಾಸಿಗಳಿಗೆ ತಾತ್ಕಾಲಿಕ ಸೌಕರ್ಯ ಕಟ್ಟಲೂ ಅವಕಾಶ ಕೊಟ್ಟಿತು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ತಾಣವಾಯ್ತು. ಒಂದು ಕಡೆ ವಿಹಾರ, ಇನ್ನೊಂದು ಕಡೆ ಸಂರಕ್ಷಣೆ. ಎರಡೂ ಕಡತಗಳಲ್ಲಿ 'ಸಾಂಪ್ರದಾಯಿಕ ಕರಾವಳಿ ಸಮುದಾಯ' ಎಂಬ ಮಾತು ಬರುತ್ತದೆ. ಈ ಸಮುದಾಯ ಯಾರು? ಬಳಚು ಹೆಕ್ಕುವ ಹೆಂಗಸರೇ, ಗಜನಿಯಲ್ಲಿ ಕಗ್ಗ ಭತ್ತ ಬೆಳೆದವರೇ, ಉಪ್ಪು ಎಳೆಯುವವರೇ? ಯಾರಿಗೆ ಚರಿತ್ರೆ ಇದೆಯೋ ಅವರು ಸಾಂಪ್ರದಾಯಿಕರಾಗುತ್ತಾರೆ. ಚರಿತ್ರೆ ಇಲ್ಲದವರನ್ನು ಅತಿಕ್ರಮಣದಾರರೆಂದು ಬರೆದುಬಿಡುವುದು ಸುಲಭ. ದಂಡೆಗೆ ಬೆಲೆಯಿಲ್ಲದಾಗ ಅಲ್ಲಿ ಇದ್ದವರೇ, ಬೆಲೆ ಬಂದ ಮೇಲೆ ಚಾದರ ಒಗೆಯುವ, ಪಾತ್ರೆ ತಿಕ್ಕುವ ಆಳುಗಳಾಗುತ್ತಾರೆ.

ಗೋಕರ್ಣ, ಹನೇಹಳ್ಳಿಯ ಸುತ್ತಿನಿಂದ ಕನ್ನಡಕ್ಕೆ ಗೌರೀಶ ಕಾಯ್ಕಿಣಿ, ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿ ಬಂದರು. ಅವರನ್ನು ಓದಿಯೇ ನಾವು ಬೆಳೆದೆವು. ನನ್ನ ತಕರಾರು ಅವರ ಮೇಲಲ್ಲ, ಅವರನ್ನು ಓದಿದ ನಮ್ಮ ವಿಮರ್ಶೆಯ ಮೇಲೆ. ಆ ಊರುಗಳನ್ನು ನಾವು ಬಾಲ್ಯವಾಗಿ, ನೆನಪಾಗಿ, ಮುಂಬಯಿಯ ಎದುರಿನ ಕಳೆದುಹೋದ ಲೋಕವಾಗಿ ಓದಿದೆವು. ಕೂಲಿಯ ಜಾಗವಾಗಿ ಓದಲಿಲ್ಲ. ದಲಿತ ವಿಮರ್ಶೆ ದಲಿತರು ಬರೆದದ್ದನ್ನಷ್ಟೇ ಓದಿ ಮುಗಿಸಬಾರದು. ಗೆಜೆಟಿಯರಿನ ಜಾತಿಗಳ ಅಧ್ಯಾಯ, ಉಪ್ಪಿನ ಇಲಾಖೆಯ ಕಡತ, ಗೇಣಿ ವ್ಯಾಜ್ಯದ ಕಾಗದ, ಕೂಲಿಯ ಲೆಕ್ಕದ ಪುಸ್ತಕ, ಇವೂ ಪಠ್ಯಗಳೇ. ನಮ್ಮ ವಿದ್ಯಾರ್ಥಿಗಳು ಗೋಕರ್ಣಕ್ಕೆ ಹೋದಾಗ ಕೈಯಲ್ಲೊಂದು ನೋಟುಬುಕ್ಕು ಹಿಡಿದು ಸಾಣಿಕಟ್ಟಾದ ತನಕ ಹೋಗಲಿ. ಆಗರದಲ್ಲಿ ನಿಂತವರ ಹತ್ತಿರ ಹೆಸರು ಕೇಳಲಿ, ಅಪ್ಪ ಅಜ್ಜ ಎಷ್ಟು ವರ್ಷ ದುಡಿದರೆಂದು ಕೇಳಿ ಬರೆದುಕೊಳ್ಳಲಿ. ನಾಳೆ ದಂಡೆಯ ನಕಾಶೆ ಬಿಡಿಸುವವರ ಮುಂದೆ ಇಡುವುದಕ್ಕೆ ಆ ಬರಹ ಬೇಕಾಗುತ್ತದೆ.